ರೆಪ್ಪೆ ಬಿದ್ದಿದ್ದಕ್ಕೆ ಎದೆ ಆಪರೇಷನ್ನಾ?

ನನಗಿರುವುದು ಎಂಜಿ, ಅಂದರೆ ಮಯಸ್ತೇನಿಯಾ ಗ್ರೇವಿಸ್: ದೇಹದ ರಕ್ಷಣೆಗಿರುವ ಆಂಟಿಬಾಡಿಗಳೇ ನರ-ಸ್ನಾಯುವಿನ ಕೊಂಡಿಗೆ ಅಡ್ಡಬಂದು ಸ್ನಾಯು ಬೇಗ ಸೋಲುವ ಕಾಯಿಲೆ. ಇದಿರುವವರಿಗೆ ಸ್ನಾಯುವಿಗೆ ಬಲ ಕೊಡುವ ಪೈರಿಡೋಸ್ಟಿಗ್ಮಿನ್ ಗುಳಿಗೆ ಬಗ್ಗೆ ಹೇಳಬೇಕಾಗಿಲ್ಲ. 60 ಮಿಗ್ರಾಂ ನುಂಗಿದರೆ ಮುಕ್ಕಾಲು ಗಂಟೆಯಲ್ಲಿ ರೆಪ್ಪೆ ಏಳುತ್ತದೆ, ನಾಲ್ಕು ಗಂಟೆಗೆ ಮತ್ತೆ ಜೋತುಬೀಳುತ್ತದೆ. ನಾನು ಹೈಸ್ಕೂಲ್ ಮೇಷ್ಟ್ರು. ಮೂರನೇ ಪಿರಿಯಡ್‌ಗೆ ಮಾತು ಮೂಗಿನಲ್ಲಿ ಬರುತ್ತಿತ್ತು, ಬೋರ್ಡಿನ ಮೇಲಿನ ಸಾಲಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ಕಾಯಿಲೆ ಗೊತ್ತಾಗುವ ಮೊದಲೇ ಕನ್ನಡಕ, ಕುತ್ತಿಗೆ ಪಟ್ಟಿ, ಎಂಆರ್‌ಐ ಅಂತ ಸುಮಾರು ಮೂವತ್ತು ಸಾವಿರ ರೂಪಾಯಿ ಖರ್ಚಾಗಿತ್ತು.

ಗುಳಿಗೆ ಜಾಸ್ತಿಯಾದರೆ ಹೊಟ್ಟೆ ನುಲಿತ, ಭೇದಿ. ಸ್ಟೀರಾಯ್ಡ್ ಶುರುವಾದ ಹೊಸದರಲ್ಲಿ ಇನ್ನೂ ಸುಸ್ತಾದೆ. ಆಮೇಲೆ ಬಲ ಬಂತು, ಜೊತೆಗೆ ಶುಗರ್ರೂ ಬಂತು. ದೇಹದ ರೋಗನಿರೋಧಕ ದಾಳಿಯನ್ನು ತಗ್ಗಿಸುವ ಅಜಾಥಿಯೋಪ್ರಿನ್ ಕೆಲಸ ತೋರಿಸಲು ಹತ್ತಿರ ಹತ್ತಿರ ವರ್ಷ ಹಿಡಿಯಿತು.

ಎದೆಮೂಳೆಯ ಹಿಂದಿರುವ, ಆ ಆಂಟಿಬಾಡಿಗಳು ಹುಟ್ಟುವುದರಲ್ಲಿ ಪಾತ್ರವಿರುವ ಥೈಮಸ್ ಗ್ರಂಥಿಯನ್ನು ತೆಗೆಸುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಸಿಟಿ ಸ್ಕ್ಯಾನಲ್ಲಿ ಗೆಡ್ಡೆನೇ ಇಲ್ಲ, ಸುಮ್ನೆ ಎದೆ ಕೊಯ್ಸಿಕೊಳ್ತೀಯೇನೋ?" ಅಂದರು ದೊಡ್ಡಪ್ಪ. ಆದರೆ 2016ರಲ್ಲಿ ಬಂದ ದೊಡ್ಡ ಅಧ್ಯಯನ ಗೆಡ್ಡೆ ಇಲ್ಲದವರ ಮೇಲೇ ನಡೆದದ್ದು. 126 ಜನ, ಮೂರು ವರ್ಷ. ಆಪರೇಷನ್ ಆದವರಿಗೆ ದಿನ ಬಿಟ್ಟು ದಿನ ಸರಾಸರಿ 44 ಮಿಗ್ರಾಂ ಸ್ಟೀರಾಯ್ಡ್ ಸಾಕಾಯಿತು, ಆಗದವರಿಗೆ 60 ಬೇಕಾಯಿತು. ನನಗೆ ಆಂಟಿಬಾಡಿ ಪಾಸಿಟಿವ್, ವಯಸ್ಸು ಐವತ್ತರೊಳಗೆ. ಇನ್ನೇನು ಬೇಕು?

ಆಪರೇಷನ್ನಿಗೆ ಮುಂಚೆ ಬಲ ಬರಲು ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್) ಕೊಡಲು ಮೂರು ಲಕ್ಷ ಅಂದರು. ಅದರ ಬದಲು ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದಿಂದ ಆಂಟಿಬಾಡಿ ಇರುವ ಪ್ಲಾಸ್ಮಾ ತೆಗೆದು ಬೇರೆ ದ್ರವ ತುಂಬುವುದು) ಆಗುತ್ತದಾ ಎಂದು ಕೇಳಿದೆ; ಅರ್ಧ ದುಡ್ಡಿಗೆ ಮುಗಿಯಿತು. ಆಪರೇಷನ್ ನಾಲ್ಕು ಲಕ್ಷ ಚಿಲ್ಲರೆ. ಇನ್ಶೂರೆನ್ಸ್‌ನವರು ಮೊದಲು ಆಗಲ್ಲ ಅಂದರು, ಕೊನೆಗೆ ಅರ್ಧ ಕೊಟ್ಟರು. ಉಳಿದದ್ದಕ್ಕೆ ಹೆಂಡತಿಯ ಬಳೆ ಅಡವಿಟ್ಟೆವು.

ಆಮೇಲೆ ಏಳೆಂಟು ತಿಂಗಳು ಏನೂ ಬದಲಾಗಲಿಲ್ಲ. ದೊಡ್ಡಪ್ಪನಿಗೆ ಒಳಗೊಳಗೇ ಖುಷಿ. ನಾನು ಮನೆಯಲ್ಲೇ ಪರೀಕ್ಷೆ ಶುರುಮಾಡಿದೆ. ಕರ್ಚೀಫಿನಲ್ಲಿ ಐಸ್ ಸುತ್ತಿ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರೆ ಕಣ್ಣು ತೆರೆಯುತ್ತದೆ, ಸ್ವಲ್ಪ ಹೊತ್ತು ಮಾತ್ರ. ಉಸಿರಾಟದ ಸ್ನಾಯುಗಳ ಬಲ ತಿಳಿಯಲು ಒಂದೇ ಉಸಿರಿಗೆ ಎಷ್ಟು ಎಣಿಸಬಹುದು ಅಂತ ದಿನಾ ನೋಡುತ್ತಿದ್ದೆ: ಬೆಳಗ್ಗೆ ಮೂವತ್ತೈದು, ಸಂಜೆ ಇಪ್ಪತ್ತೈದರ ಆಸುಪಾಸು. ಇಪ್ಪತ್ತಕ್ಕಿಂತ ಇಳಿದರೆ ಕಾಯಬೇಡಿ, ನೇರ ಆಸ್ಪತ್ರೆ.

ಎರಡನೇ ವರ್ಷ ಫಲ ಕಂಡಿತು. ಡಾಕ್ಟರು 40 ಮಿಗ್ರಾಂ ಸ್ಟೀರಾಯ್ಡನ್ನು ಇಳಿಸುತ್ತಾ 5ಕ್ಕೆ ತಂದರು. ಪೈರಿಡೋಸ್ಟಿಗ್ಮಿನ್ ಆರು ಗುಳಿಗೆಯಿಂದ ಎರಡಕ್ಕಿಳಿಯಿತು. ಬಳೆಯನ್ನೂ ಬಿಡಿಸಿಕೊಂಡೆ. ದೊಡ್ಡಪ್ಪ ಈಗ ಊರವರಿಗೆಲ್ಲ "ನಾನೇ ಮಾಡಿಸು ಅಂದಿದ್ದು" ಅನ್ನುತ್ತಾರೆ!

ಮೊನ್ನೆ ಜ್ವರ ಬಂದಾಗ ಒಬ್ಬ ಡಾಕ್ಟರು ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಬರೆದರು. ಎಂಜಿ ಇರುವ ನಮಗೆ ಅದು ಆಗಿಬರಲ್ಲ ಅಲ್ವಾ, ಸ್ನಾಯು ಇನ್ನೂ ಸೋಲಬಹುದು? ಚೀಟಿ ವಾಪಸ್ ಕೊಟ್ಟು, "ಎಂಜಿ ಇದೆ ಸಾರ್, ಬೇರೆ ಬರೆದುಕೊಡಿ" ಅಂದೆ. ಬರೆದುಕೊಟ್ಟರು.