ಸೀರೆ ಕ್ಯಾಟಲಾಗ್ ಪುಟಕ್ಕೆ ಲೇಜಿ ಲೋಡಿಂಗ್: ನನ್ನ ಅನುಭವ

ಗದಗ-ಬೆಟಗೇರಿಯ ಸೀರೆ ಅಂಗಡಿಯೊಂದರ ಕ್ಯಾಟಲಾಗ್ ಪುಟಕ್ಕೆ ನಾನು ಅನುಸರಿಸಿದ ಕ್ರಮ ಇದು. ಒಂದೇ ಪುಟದಲ್ಲಿ 120 ಸೀರೆ. ಗಿರಾಕಿಗಳು ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಮೊಬೈಲ್‌ನಲ್ಲೇ ನೋಡುತ್ತಾರೆ. ಹತ್ತು ಸೀರೆ ನೋಡಿ ಹೊರಡುವವರಿಗೂ 120 ಫೋಟೋಗಳ ಡೇಟಾ ಸುರಿಯಬಾರದು, ಅಷ್ಟೇ ಉದ್ದೇಶ. ಚಿತ್ರ ಕಣ್ಣಿಗೆ ಬೀಳುವ ಹೊತ್ತಿಗಷ್ಟೇ ಅದನ್ನು ತರಿಸುವ ಈ ಕ್ರಮವೇ ಲೇಜಿ ಲೋಡಿಂಗ್.

ಮೊದಲ ಕೆಲಸ ಫೋಟೋ ಸಣ್ಣ ಮಾಡುವುದು. 3000×4000 ಪಿಕ್ಸೆಲ್‌ನ ಮೊಬೈಲ್ ಫೋಟೋವನ್ನು ಹಾಗೇ ಏರಿಸಿ ಲೇಜಿ ಲೋಡಿಂಗ್ ಹಾಕಿದರೆ ಭಾರ ಮುಂದಕ್ಕೆ ಹೋಗುತ್ತದೆಯೇ ಹೊರತು ಇಳಿಯುವುದಿಲ್ಲ. ನಾನು 600×800ಕ್ಕೆ ಇಳಿಸಿ, ನೂರಕ್ಕೆ 75ರ ಗುಣಮಟ್ಟದಲ್ಲಿ ವೆಬ್‌ಪಿ (ಕಡಿಮೆ ತೂಕದ ಚಿತ್ರ ಫೈಲ್) ಮಾಡುತ್ತೇನೆ. ಗೋಮಿ ದಡಿಯಂಥ ಸಣ್ಣ ನೇಯ್ಗೆಗೆ ಮಾತ್ರ 82. ದಡಿ ಕಲಸಿದಂತೆ ಕಂಡರೆ ಸೀರೆ ಯಾರೂ ಕೇಳುವುದಿಲ್ಲ.

ಸಾಲುಸಾಲಾಗಿ ಇಳಿಯುವ ಚಿತ್ರಗಳಿಗೆ ಈಗ ಜಾವಾಸ್ಕ್ರಿಪ್ಟ್ ಬೇಕಿಲ್ಲ. ಇಮೇಜ್ ಟ್ಯಾಗ್‌ನ ‘ಲೋಡಿಂಗ್’ ಗುಣಕ್ಕೆ ‘ಲೇಜಿ’ ಎಂದು ಕೊಟ್ಟರೆ ಸಾಕು. ಕ್ರೋಮ್‌ಗೆ ಇದು ಬಂದದ್ದು 2019ರಲ್ಲಿ, ಫೈರ್‌ಫಾಕ್ಸ್‌ಗೆ 2020ರಲ್ಲಿ, ಸಫಾರಿಗೆ 2022ರಲ್ಲಿ. ಆದರೂ ಹಳೆಯ ಸ್ಕ್ರೋಲ್-ಈವೆಂಟ್ ಪ್ಲಗಿನ್‌ಗಳನ್ನು ಇನ್ನೂ ಅಂಟಿಸುವವರಿದ್ದಾರೆ. ಅವು ಬೆರಳು ಸರಿದಾಗಲೆಲ್ಲ ಪ್ರತಿ ಚಿತ್ರದ ಸ್ಥಾನ ಅಳೆದು ಅಗ್ಗದ ಫೋನನ್ನು ತಡವರಿಸುವಂತೆ ಮಾಡುತ್ತವೆ.

ಮೇಲಿನ ನಾಲ್ಕು ಚಿತ್ರಗಳಿಗೆ, ಅಂದರೆ ಮೊಬೈಲ್‌ನ ಮೊದಲ ಎರಡು ಸಾಲಿಗೆ, ಲೇಜಿ ಹಾಕಲೇಬಾರದು. ಹಾಕಿದರೆ ಬ್ರೌಸರ್ ಲೇಔಟ್ ಲೆಕ್ಕ ಮುಗಿಸುವವರೆಗೆ ಅವುಗಳನ್ನು ತರಿಸುವುದೇ ಇಲ್ಲ. ಎದ್ದು ಕಾಣುವ ಒಂದೇ ಚಿತ್ರಕ್ಕೆ, ಅದನ್ನು ಆದ್ಯತೆಯ ಮೇಲೆ ತರಿಸಲಿ ಎಂದು, ‘ಫೆಚ್‌ಪ್ರಯಾರಿಟಿ’ ಗುಣವನ್ನು ‘ಹೈ’ ಎಂದು ಕೊಡುತ್ತೇನೆ.

ಸ್ಕ್ರಿಪ್ಟ್ ಬೇಕಾದದ್ದು ಸೆರಗು, ದಡಿ, ಒಡಲನ್ನು ಅಡ್ಡಡ್ಡ ಸರಿಸಿ ನೋಡುವ ಸ್ಲೈಡರ್‌ಗೆ. ಅಲ್ಲಿನ ಚಿತ್ರಗಳು ಇಮೇಜ್ ಟ್ಯಾಗ್‌ಗಳಲ್ಲ, ಸಿಎಸ್‌ಎಸ್ (ಪುಟದ ಅಂದಚಂದ ಹೇಳುವ ಭಾಷೆ) ಹಿನ್ನೆಲೆಗಳು, ಅವಕ್ಕೆ ಲೇಜಿ ಗುಣ ತಗುಲುವುದಿಲ್ಲ. ಚಿತ್ರದ ವಿಳಾಸವನ್ನು ಡೇಟಾ ಗುಣದಲ್ಲಿ ಇಟ್ಟು, ಪೆಟ್ಟಿಗೆ ಕಣ್ಣಿಗೆ ಬಿದ್ದಾಗ ಸ್ಕ್ರಿಪ್ಟ್‌ಗೆ ತಿಳಿಸುವ ಬ್ರೌಸರ್ ಸೌಲಭ್ಯವಾದ ಇಂಟರ್‌ಸೆಕ್ಷನ್ ಅಬ್ಸರ್ವರ್ ಬಳಸಿದೆ. ಗಮನಿಸಲು ಶುರು ಮಾಡಿದ ತಕ್ಷಣ, ಕಾಣದ ಪೆಟ್ಟಿಗೆಗಳಿಗೂ ಸೇರಿ, ಕಾಲ್‌ಬ್ಯಾಕ್ (ಅದು ಕರೆಯುವ ನಮ್ಮ ಫಂಕ್ಷನ್) ಒಮ್ಮೆ ಓಡುತ್ತದೆ. ‘ಈಸ್-ಇಂಟರ್‌ಸೆಕ್ಟಿಂಗ್’, ಅಂದರೆ ಪೆಟ್ಟಿಗೆ ಕಾಣುತ್ತಿದೆ ಎಂಬುದು, ನಿಜವೇ ಎಂದು ನೋಡದಿದ್ದರೆ ಎಲ್ಲ ಚಿತ್ರಗಳೂ ಒಂದೇ ಏಟಿಗೆ ಬರುತ್ತವೆ. ವಿಳಾಸ ಹಾಕಿದ ಕೂಡಲೇ ‘ಅನ್‌ಅಬ್ಸರ್ವ್’ ಮಾಡಿ ಆ ಪೆಟ್ಟಿಗೆಯನ್ನು ಗಮನಿಸುವುದು ನಿಲ್ಲಿಸಬೇಕು.

ಚಿತ್ರ ಕಾಣುವ ಮುಂಚೆಯೇ ತರಿಸಲು, ಗಮನಿಸುವ ಜಾಗವನ್ನು ಹಿಗ್ಗಿಸುವ ‘ರೂಟ್‌ಮಾರ್ಜಿನ್’ಗೆ ಅಡ್ಡಕ್ಕೆ 300 ಪಿಕ್ಸೆಲ್ ಕೊಟ್ಟಿದ್ದೇನೆ. ‘ಪಿಎಕ್ಸ್’ ಬಿಟ್ಟು ಬರೀ 300 ಬರೆದರೆ ಎರರ್ ಬಂದು ಸ್ಕ್ರಿಪ್ಟ್ ನಿಲ್ಲುತ್ತದೆ. ಯಾವುದರೊಳಗೆ ಕಾಣುತ್ತಿದೆ ಎಂದು ಅಳೆಯಬೇಕೋ ಅದೇ ‘ರೂಟ್’, ಆ ಜಾಗದಲ್ಲಿ ಸ್ಲೈಡರ್‌ನ ಪೆಟ್ಟಿಗೆಯನ್ನೇ ಕೊಡಬೇಕು. ಖಾಲಿ ಬಿಟ್ಟರೆ ಮಾರ್ಜಿನ್ ಇಡೀ ಪರದೆಗೆ ಅನ್ವಯಿಸುತ್ತದೆ, ಆದರೆ ಮುಂದಿನ ಚಿತ್ರವನ್ನು ಸ್ಲೈಡರ್‌ನ ಅಂಚು ಕತ್ತರಿಸಿರುತ್ತದೆ. ಹಾಗಾಗಿ 300 ಇದ್ದೂ ಇಲ್ಲದಂತೆ, ಸರಿಸಿದ ಮೇಲೆ ಒಂದು ಕ್ಷಣ ಖಾಲಿ ಬಿಳುಪು ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಎತ್ತರವಿಲ್ಲದ ಪೆಟ್ಟಿಗೆ. ಅಗಲ-ಎತ್ತರ ಹೇಳದಿದ್ದರೆ ಬಾರದ ಚಿತ್ರದ ಎತ್ತರ ಸೊನ್ನೆ. ಸಾಲುಗಳೆಲ್ಲ ಒಂದರ ಮೇಲೊಂದು ಕುಸಿದು ಮೊದಲ ಪರದೆಯೊಳಗೇ ತುರುಕಿಕೊಳ್ಳುತ್ತವೆ, ಬ್ರೌಸರ್ ಎಲ್ಲವೂ ಕಾಣುತ್ತಿವೆ ಎಂದು ತಿಳಿದು ಎಲ್ಲವನ್ನೂ ತರಿಸುತ್ತದೆ. ಇಮೇಜ್ ಟ್ಯಾಗ್‌ಗೆ 600, 800 ಬರೆದು, ಹೊರಗಿನ ಪೆಟ್ಟಿಗೆಗೆ ಸಿಎಸ್‌ಎಸ್‌ನಲ್ಲಿ ‘ಆಸ್ಪೆಕ್ಟ್-ರೇಶಿಯೊ’ 3/4 ಕೊಟ್ಟರೆ ಜಾಗ ಮೊದಲೇ ಕಾದಿರುತ್ತದೆ, ಓದುವಾಗ ಪುಟ ಜಿಗಿಯುವುದೂ ನಿಲ್ಲುತ್ತದೆ.

ಪರೀಕ್ಷೆಗೆ ಬ್ರೌಸರ್‌ನಲ್ಲೇ ಇರುವ ಪರಿಶೀಲನಾ ಸಾಧನವಾದ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕ್ಯಾಶ್ ಆಫ್ ಮಾಡಿ, ವೇಗ ಇಳಿಸಿ, ಚಿತ್ರಗಳನ್ನಷ್ಟೇ ಸೋಸಿ ನೋಡುತ್ತೇನೆ. ಪುಟ ತೆರೆದಾಗ ಪಟ್ಟಿ ಒಂದಷ್ಟಕ್ಕೆ ನಿಂತು, ಸರಿಸಿದಂತೆ ಬೆಳೆಯಬೇಕು. ಕ್ರೋಮ್ ಒಳ್ಳೆಯ ನೆಟ್‌ವರ್ಕ್‌ನಲ್ಲಿ 1250 ಪಿಕ್ಸೆಲ್, ನಿಧಾನದ್ದರಲ್ಲಿ 2500 ಪಿಕ್ಸೆಲ್ ಮುಂಚೆಯೇ ತರಿಸುತ್ತದೆ. ಆದ್ದರಿಂದ ಕಾಣದ ಕೆಲವು ಸೀರೆಗಳು ಬಂದಿದ್ದರೆ ಅದು ದೋಷವಲ್ಲ.

“ಪ್ರಿಂಟ್ ಕೊಟ್ರ ಬರೇ ಖಾಲಿ ಚೌಕ ಬರಾಕತ್ತಾವಲ್ರೀ” ಎಂದು ಅಂಗಡಿಯವರು ಫೋನ್ ಮಾಡಿದರೆ ಕಾರಣ ಇದೇ, ಕೆಳಗಿನವು ಇನ್ನೂ ಬಂದೇ ಇಲ್ಲ. ಪುಟದಲ್ಲೇ ಒಂದು ಪ್ರಿಂಟ್ ಬಟನ್ ಇಟ್ಟೆ. ಅದು ಎಲ್ಲ ಇಮೇಜ್ ಟ್ಯಾಗ್‌ಗಳ ‘ಲೋಡಿಂಗ್’ ಗುಣವನ್ನು ‘ಈಗರ್’ಗೆ ಬದಲಿಸಿ, ಪ್ರತಿಯೊಂದರ ‘ಡಿಕೋಡ್’ ಮುಗಿಯುವವರೆಗೆ, ಅಂದರೆ ಚಿತ್ರ ಬಂದು ತೋರಿಸಲು ಸಿದ್ಧವಾಗುವವರೆಗೆ, ಕಾದು, ಆಮೇಲೆ ಪ್ರಿಂಟ್ ಕರೆಯುತ್ತದೆ.