ದಶಮಾಂಶದ ಉತ್ತರಪತ್ರಿಕೆಗಳನ್ನು ಶಿಕ್ಷಕರೊಂದಿಗೆ ಕೂತು ಓದಿದ ಬಗೆ

ಉಡುಪಿ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಗಳ ಗಣಿತ ಶಿಕ್ಷಕರ ವೃತ್ತಿಪರ ಬೆಳವಣಿಗೆಯೇ ಕೆಲವು ವರ್ಷಗಳಿಂದ ನನ್ನ ಸಂಶೋಧನೆಯ ವಿಷಯವಾಗಿದೆ. ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ಇದಕ್ಕಾಗಿ ಮೀಸಲಿಡಬೇಕೆಂಬುದು ರಾಷ್ಟ್ರೀಯ ಶಿಕ್ಷಣ ನೀತಿ 2020ರ ನಿರೀಕ್ಷೆ. ಗಂಟೆಗಳ ಲೆಕ್ಕ ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಆ ಗಂಟೆಗಳಲ್ಲಿ ಗಣಿತದ ಕುರಿತು ಯಾವ ಮಾತು ನಡೆಯಿತೆಂಬುದು ಅಲ್ಲಿ ಸಿಗುವುದಿಲ್ಲ. ನಾನು ಹುಡುಕಹೊರಟದ್ದು ಆ ಮಾತನ್ನು.

ಚೆನ್ನಾಗಿ ಕಲಿಸಲು ವಿಷಯ ಗೊತ್ತಿದ್ದರಷ್ಟೇ ಸಾಲದು, ವಿಷಯವೂ ಬೋಧನೆಯೂ ಬೆರೆತ, ಶಿಕ್ಷಕರಿಗೇ ವಿಶಿಷ್ಟವಾದ ಜ್ಞಾನವೊಂದಿದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಗಣಿತ ಶಿಕ್ಷಣದ ಸಂಶೋಧಕಿ ಡೆಬೊರಾ ಬಾಲ್ ಮತ್ತು ಅವರ ಸಹಲೇಖಕರು 2008ರಲ್ಲಿ ಅದನ್ನು ಗಣಿತಕ್ಕೆ ಅನ್ವಯಿಸಿ, ಮಗುವಿನ ತಪ್ಪು ಉತ್ತರದ ಹಿಂದಿನ ತರ್ಕವನ್ನು ಗುರುತಿಸುವುದಕ್ಕೂ ಉದಾಹರಣೆಗೆ ತಕ್ಕ ಸಂಖ್ಯೆಯನ್ನು ಆರಿಸುವುದಕ್ಕೂ ಬೇಕಾದ ಗಣಿತವು ಇತರ ವೃತ್ತಿಯವರಿಗೆ ಅಷ್ಟಾಗಿ ಬೇಕಾಗದ ಗಣಿತವೆಂದು ತೋರಿಸಿದರು. ಸಂಖ್ಯೆಯನ್ನು ಆರಿಸುವ ಈ ಕೆಲಸ ಕಣ್ಣಿಗೆ ಬೀಳದಷ್ಟು ಚಿಕ್ಕದು. ನನ್ನ ಅಧ್ಯಯನವನ್ನು ನಾನು ಅದರ ಸುತ್ತಲೇ ಕಟ್ಟಿದೆ.

ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ದಶಮಾಂಶಗಳನ್ನು ಹೋಲಿಸುವ ಒಂದು ಪುಟದ ಪ್ರಶ್ನೆಪತ್ರಿಕೆಯನ್ನು ಕೊಟ್ಟು, ಪ್ರತಿ ಉತ್ತರದ ಕೆಳಗೆ ಕಾರಣವನ್ನೂ ಬರೆಯಿಸಿದೆ. ಸುತ್ತಮುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಮೂಹ ಸಂಪನ್ಮೂಲ ಕೇಂದ್ರದ ಸಭೆಯಲ್ಲಿ ಶಿಕ್ಷಕರ ಮುಂದೆ ಆ ಹಾಳೆಗಳನ್ನೇ ಹರಡಿ, ಅಂಕ ಕೊಡದೆ, ಒಂದೇ ಬಗೆಯಲ್ಲಿ ಯೋಚಿಸಿದ ಮಕ್ಕಳ ಹಾಳೆಗಳನ್ನು ಒಂದೊಂದು ಕಟ್ಟಾಗಿ ವಿಂಗಡಿಸಲು ಕೇಳಿಕೊಂಡೆ. ಉಪನ್ಯಾಸವನ್ನು ಬೇಕೆಂದೇ ಕೈಬಿಟ್ಟಿದ್ದೆ.

4.8 ಮತ್ತು 4.63ರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ 4.63 ಎಂದವರ ಕಾರಣ ಸುಲಭವಾಗಿ ಓದಲು ಬಂತು: ಎಂಟಕ್ಕಿಂತ ಅರವತ್ತಮೂರು ದೊಡ್ಡದು. 4.8 ಎಂದವರನ್ನೆಲ್ಲ ಶಿಕ್ಷಕರು ಮೊದಲು ಒಂದೇ ಕಟ್ಟಿಗೆ ಹಾಕಿದರು. ಆದರೆ 5.736 ಮತ್ತು 5.62ರ ಪ್ರಶ್ನೆಗೆ ಬಂದಾಗ ಆ ಕಟ್ಟು ಒಡೆಯಿತು. ಸಹಸ್ರಾಂಶವು ಶತಾಂಶಕ್ಕಿಂತ ಚಿಕ್ಕದಾದುದರಿಂದ ಬಿಂದುವಿನ ಮುಂದೆ ಅಂಕಿ ಹೆಚ್ಚಿದಷ್ಟೂ ಸಂಖ್ಯೆ ಸಣ್ಣದಾಗುತ್ತದೆ ಎಂದು ನಂಬಿದ ಮಗು ಮೊದಲ ಪ್ರಶ್ನೆಯಲ್ಲಿ ಸರಿಯಾಗಿರುತ್ತದೆ, ಎರಡನೆಯದರಲ್ಲಿ ಎಡವುತ್ತದೆ. ಉದ್ದದ ಸಂಖ್ಯೆಯೇ ದೊಡ್ಡದೆನ್ನುವ ಮಗುವಿನ ಪಾಲಿಗೆ ಇದು ತಿರುವುಮುರುವು. ಮೆಲ್ಬರ್ನ್‌ನಲ್ಲಿ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್ಲಿ ಈ ಎರಡೂ ಬಗೆಯ ಯೋಚನೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ, ನನ್ನ ಪ್ರಶ್ನೆಗಳ ಜೋಡಣೆಗೆ ಅವರ ಕೆಲಸವೇ ಆಧಾರ. ಅದನ್ನು ನಾನು ಸಭೆಯ ಕೊನೆಯವರೆಗೂ ಹೇಳಲಿಲ್ಲ. ಮೊದಲೇ ಹೇಳಿದ್ದರೆ ವಿಂಗಡಣೆ ಬರಿಯ ಹೆಸರು ಅಂಟಿಸುವ ಕೆಲಸವಾಗುತ್ತಿತ್ತು.

ಮೂರನೆಯ ಕಟ್ಟಿನ ಮೇಲೆ ಬಹಳ ಹೊತ್ತು ಚರ್ಚೆಯಾಯಿತು. ಸೊನ್ನೆ ಸೇರಿಸಿ ಅಂಕಿಗಳನ್ನು ಸಮ ಮಾಡಿಕೊಳ್ಳುವ ನಿಯಮ ತಿಳಿದ ಮಕ್ಕಳು ಹೋಲಿಕೆಯ ಎಲ್ಲ ಪ್ರಶ್ನೆಗಳನ್ನೂ ಸರಿಯಾಗಿ ಬಿಡಿಸಿದ್ದರು. ಆದರೂ ಅವರಲ್ಲಿ ಹಲವರು 0.3 ಮತ್ತು 0.4ರ ನಡುವೆ ಯಾವ ಸಂಖ್ಯೆಯೂ ಇಲ್ಲ ಎಂದು ಬರೆದಿದ್ದರು. ಆ ನಿಯಮವನ್ನು ವರ್ಷಗಟ್ಟಲೆ ಕಲಿಸಿದ್ದ ಹಿರಿಯ ಶಿಕ್ಷಕಿಯೊಬ್ಬರು, "ಮೇಡಂ, ಈ ಮಕ್ಕಳಿಗೆ ನಾವು ಪೂರ್ತಿ ಅಂಕ ಕೊಟ್ಟು ಮುಂದೆ ಹೋಗ್ತೇವಲ್ಲ" ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅತಿ ಹೆಚ್ಚು ಬಾರಿ ಮರಳಿ ಓದಿದ ವಾಕ್ಯ ಅದು.

ಪಾಠವನ್ನು ಒಟ್ಟಾಗಿ ಯೋಜಿಸುವಾಗ ಸ್ಥಳೀಯ ಉದಾಹರಣೆಗಳ ಪ್ರಶ್ನೆ ಎದ್ದಿತು. ಮಲ್ಪೆ ಬಂದರಿನ ಕಡೆಯ ಮಕ್ಕಳಿಗೆ ಮೀನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಪರಿಚಿತವೆಂದು ಒಬ್ಬರು ಸೂಚಿಸಿದರು. ಅದರ ಪರದೆಯಲ್ಲಿ ಬಿಂದುವಿನ ಮುಂದೆ ಯಾವಾಗಲೂ ಮೂರೇ ಅಂಕಿಗಳಿರುವುದರಿಂದ 1.250 ಎಂಬುದನ್ನು ಮಕ್ಕಳು ಒಂದು ಕಿಲೋ ಇನ್ನೂರೈವತ್ತು ಗ್ರಾಂ ಎಂದು ಎರಡು ಪೂರ್ಣಸಂಖ್ಯೆಗಳಾಗಿಯೇ ಓದುತ್ತಾರೆ. ರೂಪಾಯಿ ಪೈಸೆಯದ್ದೂ ಇದೇ ಕಥೆ. ಶಂಕರಪುರದ ಮಲ್ಲಿಗೆಯನ್ನು ಮಾರುವ ಅಳತೆಯ ಲೆಕ್ಕದಲ್ಲಿ 4 ಚೆಂಡು ಸೇರಿ 1 ಅಟ್ಟೆಯಾಗುತ್ತದೆ. ಕಾಲು, ಅರ್ಧ, ಮುಕ್ಕಾಲು ಕಲಿಸಲು ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಡ, ಆದರೆ ಹತ್ತರ ಭಾಗಗಳಿಗೆ ಅದು ಒಗ್ಗುವುದಿಲ್ಲ. ಕೊನೆಗೆ ಮೀಟರ್ ಉದ್ದದ ಕಾಗದದ ಪಟ್ಟಿಯನ್ನು ಹತ್ತಾಗಿ, ಒಂದೊಂದನ್ನು ಮತ್ತೆ ಹತ್ತಾಗಿ ಗುರುತಿಸುವುದೆಂದು ತೀರ್ಮಾನವಾಯಿತು. ಮಗುವಿನ ಪರಿಸರದಿಂದ ಬಂದ ಉದಾಹರಣೆ ತಾನಾಗಿಯೇ ಒಳ್ಳೆಯದೆಂದು ತರಬೇತಿಗಳಲ್ಲಿ ಹೇಳುವುದುಂಟು, ನಾನು ಒಪ್ಪುವುದಿಲ್ಲ.

ಮುಂದಿನದು ಜಪಾನಿನ ಪಾಠ ಅಧ್ಯಯನದ ಕ್ರಮ. ಒಬ್ಬರು ಕಲಿಸುವಾಗ ಉಳಿದವರು ಹಿಂದೆ ಕುಳಿತು ಮಕ್ಕಳು ಹೇಳಿದ್ದನ್ನೂ ಮಾಡಿದ್ದನ್ನೂ ಮಾತ್ರ ಬರೆದುಕೊಳ್ಳಬೇಕು. ಶಿಕ್ಷಕರ ಧ್ವನಿ, ಕಪ್ಪುಹಲಗೆಯ ಬರಹ ಇವುಗಳ ಕುರಿತು ಒಂದಕ್ಷರವೂ ಬೇಡ. ಈ ಒಂದು ನಿಯಮ ಇಲ್ಲದಿದ್ದರೆ ವೀಕ್ಷಣೆಯು ತಪಾಸಣೆಯಂತಾಗಿ, ಮುಂದಿನ ಸುತ್ತಿಗೆ ಕಲಿಸಲು ಯಾರೂ ಮುಂದೆ ಬರುವುದಿಲ್ಲ. ತಿದ್ದಿದ ಪಾಠವನ್ನು ಬೇರೊಂದು ಶಾಲೆಯಲ್ಲಿ ಬೇರೊಬ್ಬರು ಮತ್ತೆ ಕಲಿಸುತ್ತಿದ್ದರು.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಶಿಕ್ಷಕರಿಗೆ ಓಓಡಿ (ಸಭೆಗೆ ಬಂದ ದಿನವನ್ನೂ ಕರ್ತವ್ಯದ ದಿನವೆಂದೇ ಪರಿಗಣಿಸುವ) ಸೌಲಭ್ಯ, ಪೋಷಕರ ಒಪ್ಪಿಗೆಪತ್ರ ಇವೆಲ್ಲ ಆಗಬೇಕಾದ ಕೆಲಸಗಳು, ಆದವು. ಕರಾವಳಿಯಲ್ಲಿ ಇಂಥ ಕೆಲಸಕ್ಕಿಳಿಯುವವರು ಮಳೆಗಾಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲೇಬೇಕು. ಜಿಲ್ಲಾಡಳಿತ ಘೋಷಿಸುವ ಮಳೆ ರಜೆಗಳನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ತರಗತಿ ನಡೆಯುವುದರಿಂದ, ಸಭೆಗೆಂದು ನಂಬಿಕೊಂಡ ಸಮಯವೇ ಕೈತಪ್ಪುತ್ತದೆ. ನಾನೀಗ ಎರಡನೆಯ ಸುತ್ತನ್ನು ದಸರಾ ರಜೆ ಮುಗಿದ ಮೇಲೆಯೇ ಇಟ್ಟುಕೊಳ್ಳುತ್ತೇನೆ.

ಬದಲಾವಣೆಯನ್ನು ಅಳೆಯಲು ಶಿಕ್ಷಕರಿಗೆ ಗಣಿತದ ಪರೀಕ್ಷೆ ಕೊಡುವುದು ನನಗೆ ಹಿಡಿಸಲಿಲ್ಲ, ಅದು ಅವಮಾನದಂತೆ ತೋರುತ್ತದೆ. ಬದಲಿಗೆ ಪ್ರತಿ ಪಾಠಕ್ಕೆ ಮೊದಲು, ಪ್ರತಿ ಪ್ರಶ್ನೆಗೆ ಮಕ್ಕಳಿಂದ ಯಾವ ಯಾವ ಉತ್ತರಗಳು ಬರಬಹುದು ಮತ್ತು ಏಕೆ ಎಂದು ಶಿಕ್ಷಕರೇ ಬರೆದಿಟ್ಟು, ಪಾಠದ ನಂತರ ನಿಜವಾಗಿ ಬಂದ ಉತ್ತರಗಳೊಂದಿಗೆ ಹೋಲಿಸುತ್ತಿದ್ದರು. ಮೊದಲ ಸುತ್ತಿನ ಹಾಳೆಗಳಲ್ಲಿ "ಗಮನವಿಲ್ಲ", "ಅಭ್ಯಾಸ ಸಾಲದು" ಎಂಬ ಕಾರಣಗಳೇ ಹೆಚ್ಚು. ನಂತರದವುಗಳಲ್ಲಿ 63ನ್ನು ಪೂರ್ಣಸಂಖ್ಯೆಯಾಗಿ ಓದಬಹುದು, ಆದ್ದರಿಂದ 4.8ರ ಜೊತೆಗೆ ಇನ್ನೊಂದು ಜೋಡಿಯೂ ಬೇಕು ಎಂಬಂಥ ವಾಕ್ಯಗಳು ಬರತೊಡಗಿದವು. ವರದಿಯಲ್ಲಿ ಹೆಸರುಗಳನ್ನು ತೆಗೆದು ಈ ಹಾಳೆಗಳನ್ನು ಸುತ್ತಿನ ಕ್ರಮದಲ್ಲಿ ಅಕ್ಕಪಕ್ಕ ಮುದ್ರಿಸಿದ್ದೇನೆ, ಯಾವ ಹಾಳೆಯನ್ನು ಸೇರಿಸಬಹುದೆಂಬುದನ್ನು ಬರೆದ ಶಿಕ್ಷಕರೇ ನಿರ್ಧರಿಸಿದರು.