ಹಳೇ ಡಿಸ್ಕ್ ಬೀರುವಿಗೆ, ಹೊಸ ಡಿಸ್ಕ್‌ಗೆ ಲಿನಕ್ಸ್ ಮಿಂಟ್: ನನ್ನ ಅನುಭವ

"ಅದೆಲ್ಲಾ ಆಗೋ ಮಾತಲ್ಲ ಗುರು. ಸ್ಟಾರ್ಟ್ ಬಟನ್ ಇದ್ದ ಜಾಗದಲ್ಲಿ ಇಲ್ಲದಿದ್ರೆ ಜನ ಗಾಬರಿ ಬೀಳ್ತಾರೆ. ಎರಡೇ ದಿನಕ್ಕೆ ತಂದು ನಿನ್ನ ಟೇಬಲ್ ಮೇಲೆ ಇಡ್ತಾರೆ ನೋಡ್ತಿರು."

ಗಿರಾಕಿಗಳ ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ ಅಂದಾಗ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾನು ಪಾರ್ಟ್ಸ್ ಕೊಳ್ಳುವ ಅಂಗಡಿಯ ಗೆಳೆಯ 2024ರಲ್ಲಿ ಹೇಳಿದ ಮಾತು ಇದು. ಆ ವರ್ಷದ ಮಟ್ಟಿಗೆ ಅವನು ಹೇಳಿದ್ದೇ ಆಯಿತು. ವಿಂಡೋಸ್ ಬಿಡಿಸಿ ಲಿನಕ್ಸ್ ಹಾಕಿಕೊಟ್ಟ 9 ಜನರಲ್ಲಿ 4 ಜನ ವಿಂಡೋಸೇ ಬೇಕು ಅಂತ ವಾಪಸ್ ಬಂದರು. ಈಗ ನನ್ನ ಲೆಕ್ಕದಲ್ಲಿ 43 ಮಷೀನು ಲಿನಕ್ಸ್‌ನಲ್ಲಿ ಓಡುತ್ತಿವೆ. ವಿಧಾನ ಬದಲಿಸಿದ ಮೇಲೆ ವಾಪಸ್ ಬಂದವರು ಮೂರೇ ಜನ. ಅದೇ ಗೆಳೆಯ ಹೋದ ತಿಂಗಳು ತನ್ನ ಭಾವನ ಟ್ಯೂಷನ್ ಸೆಂಟರಿನ 6 ಮಷೀನು ನನ್ನ ಹತ್ತಿರ ಕಳಿಸಿದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹನುಮಂತನಗರದಲ್ಲಿ ಒಂದು ಸಣ್ಣ ಸರ್ವಿಸ್ ಅಂಗಡಿ. ಗಿರಾಕಿಗಳು ಯಾರು ಅಂದರೆ ರಿಟೈರ್ ಆದ ಮೇಷ್ಟ್ರುಗಳು, ಜೆರಾಕ್ಸ್ ಅಂಗಡಿಯವರು, ಮನೆಯಲ್ಲಿ ಟ್ಯೂಷನ್ ಹೇಳುವವರು, ಕಾಲೇಜು ಹುಡುಗರು. ಎಲ್ಲರದ್ದೂ ನಾಲ್ಕನೇ, ಆರನೇ ಜನರೇಷನ್ ಇಂಟೆಲ್ ಐ3, ಐ5 ಪ್ರೊಸೆಸರ್. ವಿಂಡೋಸ್ 11ಕ್ಕೆ ಎಂಟನೇ ಜನರೇಷನ್ ಮತ್ತು ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ರೂಫಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಆ ಪರೀಕ್ಷೆ ತೆಗೆದುಹಾಕಿ 11 ಕೂರಿಸಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ನಾನೂ ಎರಡು ಮೂರಕ್ಕೆ ಮಾಡಿಕೊಟ್ಟಿದ್ದೆ. 4 ಜಿಬಿ ರ‍್ಯಾಮಿನ ಮಷೀನಿನಲ್ಲಿ ಒಂದು ಬ್ರೌಸರ್ ತೆರೆದರೆ ಮುಗಿಯಿತು, ಫ್ಯಾನು ಕಿರುಚುತ್ತದೆ. ಹೊಸ ಲ್ಯಾಪ್‌ಟಾಪ್ ಅಂದರೆ 35-40 ಸಾವಿರ. ಪೆನ್ಷನ್ ಮೇಲೆ ಇರುವವರಿಗೆ ಆ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪು, ಒಬ್ಬೊಬ್ಬರಿಗೆ ಒಂದೊಂದು ಡಿಸ್ಟ್ರೋ (ಲಿನಕ್ಸ್‌ನ ಒಂದೊಂದು ಬಗೆ) ಕೊಟ್ಟಿದ್ದು. ಹುಡುಗರಿಗೆ ಫೆಡೋರಾ, ನೋಡಲು ಚೆನ್ನಾಗಿರಲಿ ಅನ್ನುವವರಿಗೆ ಝೋರಿನ್, ಹಳೇ ಮಷೀನಿಗೆ ಎಂಎಕ್ಸ್, ಉಳಿದವರಿಗೆ ಉಬುಂಟು ಅಥವಾ ಮಿಂಟ್. ಒಂಬತ್ತು ಜನಕ್ಕೆ ಐದು ಡಿಸ್ಟ್ರೋ. ಅವರವರ ಮಷೀನಿಗೆ ಹೊಂದುವುದನ್ನೇ ಕೊಟ್ಟಿದ್ದೇನೆ ಅಂತ ನನಗೆ ಸಮಾಧಾನ ಇತ್ತು. ಫೋನು ಬರಲು ಶುರುವಾದಾಗ ಗೊತ್ತಾಯಿತು. ಒಬ್ಬರಿಗೆ ಮೆನು ಎಡಗಡೆ ಕೆಳಗೆ. ಇನ್ನೊಬ್ಬರಿಗೆ ಮೆನುವೇ ಇಲ್ಲ, ಎಡಗಡೆ ಉದ್ದಕ್ಕೆ ಐಕಾನ್ ಸಾಲು (ಡಾಕ್). ಮತ್ತೊಬ್ಬರಿಗೆ ಮೇಲೆ ಪಟ್ಟಿ. "ನಿಮ್ಮ ಸ್ಕ್ರೀನ್ ಮೇಲೆ ಏನು ಕಾಣ್ತಿದೆ ಹೇಳಿ" ಅನ್ನುವುದರಲ್ಲೇ ಕಾಲು ಗಂಟೆ. ಒಬ್ಬರ ಮನೆಯಲ್ಲಿ ಮೊಮ್ಮಗಳ ನಾಮಕರಣದ ವಿಡಿಯೋ ಓಡಲಿಲ್ಲ. ಫೆಡೋರಾದಲ್ಲಿ ಪೇಟೆಂಟ್ ಕಾರಣಕ್ಕೆ ವಿಡಿಯೋ ಓಡಿಸಲು ಬೇಕಾದ ಕೆಲವು ಕೋಡೆಕ್ ಜೊತೆಯಲ್ಲಿ ಬರುವುದಿಲ್ಲ, ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ಸಾಫ್ಟ್‌ವೇರ್ ಭಂಡಾರ ಸೇರಿಸಿ ಹಾಕಿಕೊಳ್ಳಬೇಕು. ಅದು ನನಗೆ ಗೊತ್ತಿತ್ತು, ಹಾಕುವುದು ಮರೆತಿದ್ದೆ. ಮನೆ ತುಂಬಾ ನೆಂಟರು ಕೂತಿದ್ದಾಗ ಪರದೆ ಕಪ್ಪಾಗಿ ನಿಂತಿತಂತೆ. ಮಾರನೇ ದಿನವೇ ಆ ಲ್ಯಾಪ್‌ಟಾಪ್ ನನ್ನ ಟೇಬಲ್ ಮೇಲಿತ್ತು.

ಎರಡನೇ ತಪ್ಪು ಡ್ಯುಯಲ್ ಬೂಟ್, ಅಂದರೆ ಒಂದೇ ಮಷೀನಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟು ಆನ್ ಮಾಡಿದಾಗ ಒಂದನ್ನು ಆರಿಸುವುದು. ಎಲ್ಲರೂ ಅದೇ ಕ್ಷೇಮ ಅನ್ನುತ್ತಾರೆ. ನನ್ನ ಅನುಭವದಲ್ಲಿ ಹೊಸಬರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಯುಟಿಸಿಯಲ್ಲಿ (ಜಗತ್ತಿನ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ನಮ್ಮ ದೇಶದಲ್ಲಿ ಸರಿಯಾಗಿ ಐದೂವರೆ ಗಂಟೆ ಹಿಂದೆ. ಬೆಳಗ್ಗೆ ಹತ್ತಕ್ಕೆ ಫೋನು: "ಏನಪ್ಪಾ, ಕಂಪ್ಯೂಟರ್‌ನಲ್ಲಿ ನಾಲ್ಕೂವರೆ ತೋರಿಸ್ತಿದೆ, ಸೆಲ್ ಹೋಗಿದೆಯಾ?" ಅದಕ್ಕೆ ಒಂದು ಸಾಲಿನ ಕಮಾಂಡ್ ಇದೆ, ಆದರೆ ಅಷ್ಟರಲ್ಲಿ ನಂಬಿಕೆ ಅರ್ಧ ಹೋಗಿರುತ್ತದೆ. ಆಮೇಲೆ ವಿಂಡೋಸ್ ಬೇಗ ಶುರುವಾಗಲು ಇರುವ ಫಾಸ್ಟ್ ಸ್ಟಾರ್ಟಪ್. ಅದನ್ನು ಆಫ್ ಮಾಡದೆ ಇದ್ದರೆ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಲಿನಕ್ಸ್‌ನಲ್ಲಿ ವಿಂಡೋಸ್ ಪಾರ್ಟಿಷನ್ ಓದಲಿಕ್ಕೆ ಮಾತ್ರ ತೆರೆಯುತ್ತದೆ. ಸೇವ್ ಆಗುವುದಿಲ್ಲ. ಇದೆಲ್ಲಾ ಸರಿಮಾಡಬಹುದು ಬಿಡಿ. ಸರಿಮಾಡಲಾಗದ್ದು ಒಂದೇ: ಮೆನು ಬಂದಾಗ ಎಲ್ಲರೂ ಗೊತ್ತಿರುವುದನ್ನೇ ಒತ್ತುತ್ತಾರೆ. ಆರು ತಿಂಗಳು ಬಿಟ್ಟು ನೋಡಿದರೆ ಲಿನಕ್ಸ್ ಒಂದು ಸಲವೂ ಬೂಟ್ ಆಗಿರಲಿಲ್ಲ.

ಆ ವರ್ಷ ಉಚಿತವಾಗಿ ಹೋಗಿಬಂದ ವಿಸಿಟ್ಟು, ಪೆಟ್ರೋಲು, ಒಂದು ಪ್ರಿಂಟರ್ ಎಲ್ಲಾ ಸೇರಿ ಏಳೆಂಟು ಸಾವಿರ ಕೈಬಿಟ್ಟಿತು.

ಈಗ ಮಾಡುವುದು ಹೀಗೆ. ಮಷೀನು ಬಂದ ದಿನ ಲಿನಕ್ಸ್ ಮಾತೇ ಎತ್ತುವುದಿಲ್ಲ. ಅದೇ ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ವಿಎಲ್‌ಸಿ ಹಾಕಿ ಕೊಡುತ್ತೇನೆ. ಹದಿನೈದು ದಿನ ಇವುಗಳಲ್ಲೇ ಕೆಲಸ ಮಾಡಿ ಅನ್ನುತ್ತೇನೆ. ಜನ ಒದ್ದಾಡುವುದು ವಿಂಡೋಸ್ ಹೋಯಿತು ಅಂತ ಅಲ್ಲ, ಎಕ್ಸೆಲ್ ಬಟನ್ ಎಲ್ಲಿ ಹೋಯಿತು ಅಂತ. ಆ ಒದ್ದಾಟ ವಿಂಡೋಸ್‌ನಲ್ಲೇ ಮುಗಿದುಹೋಗಲಿ. ಹದಿನೈದು ದಿನದಲ್ಲಿ "ಇದು ನನಗೆ ಆಗೋದಿಲ್ಲ" ಅಂದವರಿಗೆ ನಾನು ಲಿನಕ್ಸ್ ಹಾಕುವುದೇ ಇಲ್ಲ. ಅವರಿಂದ ದುಡ್ಡೂ ತೆಗೆದುಕೊಳ್ಳುವುದಿಲ್ಲ.

ಒಪ್ಪಿದವರಿಗೆ ಹೊಸ 256 ಜಿಬಿ ಎಸ್‌ಎಸ್‌ಡಿ. ನಾನು ಶುರು ಮಾಡಿದಾಗ 1,500ರ ಆಸುಪಾಸಿನಲ್ಲಿ ಸಿಗುತ್ತಿತ್ತು, ಈಗ ಜಾಸ್ತಿಯಾಗಿದೆ. ರ‍್ಯಾಮ್ 4 ಇದ್ದರೆ ಸೆಕೆಂಡ್ ಹ್ಯಾಂಡ್ ಡಿಡಿಆರ್3 ಇನ್ನೊಂದು 4, ಅದಕ್ಕೆ ನಾನೂರೈನೂರು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರೋಡು ಪಕ್ಕದಲ್ಲೇ. ನಾಲ್ಕೈದು ಮಷೀನಿಗೆ ಆಗುವಷ್ಟು ಒಟ್ಟಿಗೆ ತರುತ್ತೇನೆ. ಯಾವ ಅಂಗಡಿ, ಯಾವ ಲಾಟು ಅಂತ ಮಾತ್ರ ಕೇಳಬೇಡಿ.

ಮುಖ್ಯ ಸಂಗತಿ ಈಗ ಬಂತು. ವಿಂಡೋಸ್ ಇರುವ ಹಳೇ ಡಿಸ್ಕ್ ಅಳಿಸುವುದಿಲ್ಲ. ಬಿಚ್ಚಿ, ಬಟ್ಟೆಯ ಕವರಿನಲ್ಲಿ ಹಾಕಿ, ಮೇಲೆ ಹೆಸರು, ತಾರೀಖು ಬರೆದು ಅವರ ಎದುರಿಗೇ ಬೀರುವಿನಲ್ಲಿ ಇಡುತ್ತೇನೆ. "ಬೇಡ ಅನ್ನಿಸಿದ ದಿನ ಬನ್ನಿ, ಹತ್ತು ನಿಮಿಷದಲ್ಲಿ ಮೊದಲಿನಂತೆ ಮಾಡಿಕೊಡುತ್ತೇನೆ" ಅನ್ನುತ್ತೇನೆ. ಮಾತು ಹೇಳುವುದಕ್ಕಿಂತ ಆ ಕವರ್ ಜಾಸ್ತಿ ಕೆಲಸ ಮಾಡುತ್ತದೆ. ಬೇಕಾದ ಫೈಲುಗಳನ್ನು ಹೊಸ ಡಿಸ್ಕ್‌ಗೆ ನಕಲು ಮಾಡಿ, ಡೆಸ್ಕ್‌ಟಾಪ್ ಮೇಲೆ "ಡಿ ಡ್ರೈವ್" ಅನ್ನುವ ಹೆಸರಿನ ಫೋಲ್ಡರ್ ಇಡುತ್ತೇನೆ. ನಗಬೇಡಿ, ಅರ್ಧ ಫೋನು ಇದರಿಂದಲೇ ನಿಂತಿತು. ಹೊಸ ಲ್ಯಾಪ್‌ಟಾಪ್ ಆದರೆ ಮಾತ್ರ ಒಂದು ಎಚ್ಚರ: ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿ, ರಿಕವರಿ ಕೀ ಬರೆದುಕೊಳ್ಳದೆ ಡಿಸ್ಕ್ ಮುಟ್ಟಬೇಡಿ.

ಡಿಸ್ಟ್ರೋ ಈಗ ಎಲ್ಲರಿಗೂ ಒಂದೇ, ಮಿಂಟ್ 22. ರ‍್ಯಾಮ್ 8 ಇದ್ದರೆ ಸಿನಮನ್, 4ಕ್ಕೇ ನಿಂತರೆ ಎಕ್ಸ್‌ಎಫ್‌ಸಿಇ. ಇವು ಮಿಂಟ್‌ನ ಎರಡು ಡೆಸ್ಕ್‌ಟಾಪ್ ರೂಪಗಳು, ಎರಡರಲ್ಲೂ ಮೆನು ಎಡಗಡೆ ಕೆಳಮೂಲೆಯಲ್ಲಿ. ಫೋನಿನಲ್ಲಿ "ಕೆಳಮೂಲೆ ಒತ್ತಿ" ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಇದೆ. ಉಬುಂಟುವಿನ ಸ್ನ್ಯಾಪ್ ಅನ್ನುವ ಪ್ಯಾಕೇಜ್ ವ್ಯವಸ್ಥೆ ಇಲ್ಲದೆ ಬರುತ್ತದೆ, ಹಳೇ ಮಷೀನಿನಲ್ಲಿ ಅದರ ವ್ಯತ್ಯಾಸ ಫೈರ್‌ಫಾಕ್ಸ್ ಮೊದಲ ಸಲ ತೆರೆಯುವಾಗಲೇ ಗೊತ್ತಾಗುತ್ತದೆ. ಟೈಮ್‌ಶಿಫ್ಟ್ (ಕೆಟ್ಟರೆ ಸಿಸ್ಟಂ ಹಿಂದಿನ ಸ್ಥಿತಿಗೆ ತರುವ ಸಾಧನ) ಜೊತೆಯಲ್ಲೇ ಇದೆ. ಝೋರಿನ್ ಇನ್ನೂ ಚೆಂದ ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 43 ಮಷೀನಿನ ಗಿರಾಕಿಗಳಿಗೆ ಒಬ್ಬನೇ ಫೋನಿನಲ್ಲಿ ಉತ್ತರ ಹೇಳಬೇಕಾದವನಿಗೆ ಎಲ್ಲರ ಪರದೆಯೂ ಒಂದೇ ಥರ ಇರಬೇಕು. ನೀವು ಯಾವುದನ್ನೇ ಆರಿಸಿ, ಒಂದನ್ನೇ ಆರಿಸಿ.

ಹಾಕಿದ ಮೇಲೆ ಮಾಡುವ ಕೆಲಸಕ್ಕೆ ನನ್ನದೇ ಒಂದು ಸ್ಕ್ರಿಪ್ಟ್ ಇದೆ. ಕೋಡೆಕ್, ಫಾಂಟು, ಕನ್ನಡ ಕೀಬೋರ್ಡು, ಟೈಮ್‌ಶಿಫ್ಟ್ ವೇಳೆ ಎಲ್ಲಾ 20 ನಿಮಿಷದಲ್ಲಿ ಮುಗಿಸುತ್ತದೆ. ಅದನ್ನು ಇಲ್ಲಿ ಹಾಕುವುದಿಲ್ಲ, ಎರಡು ವರ್ಷ ತಿದ್ದಿ ತಿದ್ದಿ ಮಾಡಿಕೊಂಡದ್ದು, ನನ್ನ ಹೊಟ್ಟೆಪಾಡು. ಆದರೆ ಕನ್ನಡದ ಭಾಗ ಪೂರ್ತಿ ಹೇಳುತ್ತೇನೆ, ಅಲ್ಲೇ ಎಲ್ಲರೂ ಎಡವುವುದು.

ನಮ್ಮ ಬೀದಿಯ ಮೇಷ್ಟ್ರೊಬ್ಬರಿಗೆ ಎಪ್ಪತ್ತು ದಾಟಿದೆ. ಇಪ್ಪತ್ತು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಬರೆಯುವವರು. ಮಿಂಟ್ ಹಾಕಿದಾಗ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ "ಕಗಪ" ಅಂತ ಕಂಡಿತು, ಅದೇ ಇರಬೇಕು ಅಂದುಕೊಂಡು ಸೇರಿಸಿ ಬಂದೆ. ವ್ಯಂಜನಗಳೆಲ್ಲಾ ಸರಿ ಬಂದವು. ಸ್ವರ ಬಂದಾಗ ಕೆಟ್ಟಿತು. ನುಡಿಯಲ್ಲಿ ಒಂದೇ ಕೀ ಪದದ ಮೊದಲಿಗೆ ಒತ್ತಿದರೆ ಸ್ವರ, ವ್ಯಂಜನದ ಮೇಲೆ ಒತ್ತಿದರೆ ಗುಣಿತ. ಇಲ್ಲಿ ಎರಡಕ್ಕೂ ಬೇರೆ ಬೇರೆ ಒತ್ತಬೇಕು. ಮೇಷ್ಟ್ರು ನಾಲ್ಕು ಸಾಲು ಬರೆದು ಕೈ ಎತ್ತಿಬಿಟ್ಟರು. "ನನ್ನ ಬೆರಳಿಗೆ ವಯಸ್ಸಾಗಿದೆ ಕಣಪ್ಪಾ, ಹೊಸದಾಗಿ ಅ ಆ ಇ ಈ ಕಲಿಸಬೇಡ" ಅಂದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಬೇಕಾದದ್ದು ಐಬಸ್ ಅನ್ನುವ ಟೈಪಿಂಗ್ ವ್ಯವಸ್ಥೆ ಮತ್ತು ಅದರ ಎಂ17ಎನ್ ಪ್ಯಾಕೇಜು. ಅದರೊಳಗೆ ಕನ್ನಡದ ಕೆಳಗೆ "ಕೆಜಿಪಿ" ಅಂತ ಇದೆ, ನುಡಿ ಬೆರಳಿಗೆ ಅದೇ ಸರಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಮಾರನೇ ದಿನ ಹೋಗಿ ಹಾಕಿ ಪಕ್ಕದಲ್ಲಿ ನಿಂತೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡದೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರು. ಆಮೇಲೆ ತಲೆ ಎತ್ತಿದರು. "ಕನ್ನಡ" ಅಂತ ಬಂದಿತ್ತು. ಏನೂ ಹೇಳಲಿಲ್ಲ, ಒಳಗೆ ತಿರುಗಿ "ಎರಡು ಲೋಟ ಕಾಫಿ ತಾರಮ್ಮಾ" ಅಂದರು.

ಅವರ ಹಳೇ ಫೈಲುಗಳ ಕಥೆ ಬೇರೆ. ಕನ್ನಡ ಬರಹಕ್ಕೆ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನವು, ತೆರೆದರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಟೋಪಿ, ಚುಕ್ಕೆ ಇಟ್ಟ ಹಾಗೆ ಕಾಣುತ್ತವೆ. ಫೈಲು ಹಾಳಾಗಿಲ್ಲ. ಹಳೇ ಡಿಸ್ಕ್‌ನಿಂದ ಆ ಫಾಂಟುಗಳನ್ನು ತಂದು ಹೋಮ್ ಫೋಲ್ಡರಿನ ಫಾಂಟ್ ಜಾಗದಲ್ಲಿ ಇಟ್ಟರೆ ಓದಲು, ಪ್ರಿಂಟ್ ತೆಗೆಯಲು ಬರುತ್ತದೆ. ತಿದ್ದಬೇಕಾದ್ದನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಲ್ಲಿ ಒಮ್ಮೆ ಓದಿ, ತಪ್ಪು ಅಲ್ಲೇ ಅಡಗಿರುತ್ತದೆ. ಹೊಸ ಬರಹಕ್ಕೆ ನಾನು ಗುಬ್ಬಿ, ನವಿಲು ಫಾಂಟು ಹಾಕಿಕೊಡುತ್ತೇನೆ. ನೋಟೋ ಫಾಂಟಿಗಿಂತ ನವಿಲು ಮೇಷ್ಟ್ರುಗಳಿಗೆ ಹಿಡಿಸುತ್ತದೆ, ಕೈಬರಹದ ಹಾಗಿದೆಯಂತೆ.

ನುಡಿಯನ್ನೇ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ ಓಡಿಸಬಾರದೇಕೆ ಅಂತ ಕೇಳುತ್ತೀರಿ. ನಾನೂ ಒಂದು ಭಾನುವಾರ ಪೂರ್ತಿ ಕೂತೆ. ಕಿಟಕಿ ತೆರೆಯಿತು. ಆದರೆ ವೈನ್ ಒಳಗಿನ ಕೀಬೋರ್ಡ್ ತಂತ್ರ ವೈನ್ ಒಳಗೇ ನಿಲ್ಲುತ್ತದೆ, ಹೊರಗಿನ ಲಿಬ್ರೆ ಆಫೀಸಿಗೆ, ಫೈರ್‌ಫಾಕ್ಸಿಗೆ ತಲುಪುವುದಿಲ್ಲ. ಹಾಗಾದರೆ ಏನು ಪ್ರಯೋಜನ, ಅಲ್ವಾ? ಬಿಟ್ಟೆ. ಇನ್ನೊಂದು ಭಾನುವಾರ 1 ಜಿಬಿ ರ‍್ಯಾಮಿನ ಹಳೇ ನೆಟ್‌ಬುಕ್ಕಿಗೆ 32 ಬಿಟ್ ಆಂಟಿಎಕ್ಸ್ ಅನ್ನುವ ಹಗುರ ಲಿನಕ್ಸ್ ಹಾಕಿ ಮಗಳಿಗೆ ಕೊಟ್ಟೆ. ಟಕ್ಸ್ ಪೇಂಟ್‌ನಲ್ಲಿ ದಿನಾ ಒಂದು ಆನೆ ಬರೆಯುತ್ತಾಳೆ. ಗಿರಾಕಿಗೆ ಕೊಡುವ ಮಷೀನಲ್ಲ ಅದು, ಆದರೆ ಆ ಆನೆಗಳನ್ನು ನೋಡಿದಾಗ ಭಾನುವಾರ ದಂಡ ಆಗಲಿಲ್ಲ ಅನ್ನಿಸುತ್ತದೆ.

ಪ್ರಿಂಟರ್ ವಿಚಾರ ಚಿಕ್ಕದಾಗಿ ಹೇಳುತ್ತೇನೆ, ನೆನೆಸಿಕೊಂಡರೆ ಈಗಲೂ ಬೇಜಾರು. ಒಂದು ಜೆರಾಕ್ಸ್ ಅಂಗಡಿಯ ಹಳೇ ಲೇಸರ್ ಪ್ರಿಂಟರ್ ಏನು ಮಾಡಿದರೂ ಒಲಿಯಲಿಲ್ಲ. ಎರಡು ರಾತ್ರಿ ಕೂತೆ. ಅಂಗಡಿ ನಿಂತರೆ ಅವರಿಗೆ ದಿನಕ್ಕೆ ನಷ್ಟ, ಮಾತು ಕೊಟ್ಟಿದ್ದೆ ಬೇರೆ. ಮೂರೂವರೆ ಸಾವಿರ ಕೊಟ್ಟು ಇನ್ನೊಂದು ಸೆಕೆಂಡ್ ಹ್ಯಾಂಡ್ ಪ್ರಿಂಟರ್ ತಂದುಕೊಟ್ಟೆ. ಅಂದಿನಿಂದ ವೆಂಟಾಯ್ ಸಾಫ್ಟ್‌ವೇರ್ ಹಾಕಿದ ಪೆನ್‌ಡ್ರೈವಿನಲ್ಲಿ ಮಿಂಟ್ ಲೈವ್ (ಡಿಸ್ಕ್‌ಗೆ ಹಾಕದೆ) ಓಡಿಸಿ, ಅವರ ಪ್ರಿಂಟರಿಗೇ ತಂತಿ ಚುಚ್ಚಿ, ಒಂದು ಹಾಳೆ ಹೊರಗೆ ಬಂದ ಮೇಲೇ ಮುಂಗಡ ತೆಗೆದುಕೊಳ್ಳುತ್ತೇನೆ. ವೈಫೈ, ಸ್ಕ್ಯಾನರ್ ಕೂಡ ಅದೇ ಸಲ ನೋಡಿಬಿಡಿ.

ಟ್ಯಾಲಿ ಇರುವ ಮಷೀನು ಮುಟ್ಟಬೇಡಿ. ಡಿಜಿಟಲ್ ಸಹಿ ಟೋಕನ್, ಬೆರಳ ಗುರುತು ಓದುವ ಯಂತ್ರ ಇರುವುದನ್ನೂ ಅಷ್ಟೇ. ವಾಪಸ್ ಬಂದ ಆ ಮೂವರಲ್ಲಿ ಇಬ್ಬರು ಇದೇ ಕಾರಣಕ್ಕೆ ಬಂದವರು. ಈಗ ಅಂಗಡಿಯವರಿಗೆ ಒಂದು ಮಷೀನು ವಿಂಡೋಸ್‌ನಲ್ಲೇ ಬಿಟ್ಟು, ಉಳಿದದ್ದಕ್ಕೆ ಮಾತ್ರ ಮಿಂಟ್ ಹಾಕುತ್ತೇನೆ. ಮೂರನೆಯವನು ಕಾಲೇಜು ಹುಡುಗ, ಅವನಿಗೆ ಬೇಕಿದ್ದ ಗೇಮ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಮೂವರಿಗೂ ಹಳೇ ಡಿಸ್ಕ್ ತೆಗೆದು ಹಾಕಿಕೊಟ್ಟೆ, ಹೇಳಿದ ಹಾಗೆ ಹತ್ತು ನಿಮಿಷ.

ನನ್ನ ಕೂಲಿ ಈಗ ಒಂದು ಮಷೀನಿಗೆ 1,200, ಅದರಲ್ಲಿ ಮೂರು ತಿಂಗಳು ಫೋನು ಸೇರಿದೆ. ಮೊದಲ ವಾರ ಒಬ್ಬೊಬ್ಬರಿಂದ ನಾಲ್ಕೈದು ಕರೆ ಬರುತ್ತವೆ. ಎರಡನೇ ತಿಂಗಳಿಗೆ ಒಂದೂ ಇರುವುದಿಲ್ಲ. ವೈರಸ್ ಬಂತು, ಸ್ಲೋ ಆಯಿತು ಅಂತ ಬರುತ್ತಿದ್ದ ಹಳೇ ಸರ್ವಿಸ್ ವ್ಯಾಪಾರ ಕಡಿಮೆಯಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬರು ಇನ್ನಿಬ್ಬರನ್ನು ಕಳಿಸುತ್ತಾರೆ, ಲೆಕ್ಕ ಸರಿಹೋಗುತ್ತದೆ.

ಹೋದ ವಾರ ಮೇಷ್ಟ್ರು ಅಂಗಡಿಗೆ ಬಂದಿದ್ದರು. ಬೀರು ತೋರಿಸಿ "ಅದರಲ್ಲಿ ನನ್ನ ಡಿಸ್ಕ್ ಇದೆಯಲ್ಲಪ್ಪಾ" ಅಂದರು. ನನ್ನ ಎದೆ ಧಸಕ್ಕೆಂದಿತು. "ಅದನ್ನು ಅಳಿಸಿ ಒಂದು ಡಬ್ಬಿಗೆ ಹಾಕಿಕೊಡು. ಮೊಮ್ಮಗನಿಗೆ ಫೋಟೋ ತುಂಬಿಕೊಳ್ಳಲು ಜಾಗ ಸಾಲುತ್ತಿಲ್ಲವಂತೆ" ಅಂದರು. ಯುಎಸ್‌ಬಿ ಕೇಸಿಗೆ 250 ಆಯಿತು, ಅದನ್ನು ನಾನು ತೆಗೆದುಕೊಳ್ಳಲಿಲ್ಲ.